ಲೈಸನ್ಸ್‌ಗೆ ಮೊದಲೇ ನಕ್ಷೆ ಕೆಲಸ: ಏನು ಮಾಡಬಹುದು, ಸಹಿ ಯಾರದು?

ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮನೆ ನಕ್ಷೆ ಮಾಡಿಕೊಡುವ ಯುವಕರು ಸಾಕಷ್ಟಿದ್ದಾರೆ. ಮನೆ ಯಜಮಾನನ ಜೊತೆ ಕನ್ನಡ, ಅರ್ಜಿಗೆ ಮರಾಠಿ, ಗೌಂಡಿಯ ಜೊತೆ ಹಿಂದಿ. ಮೂರೂ ಬಲ್ಲ ಗಡಿಭಾಗದ ಹುಡುಗ ಹುಡುಗಿಯರಿಗೆ ಇದು ಕೈಹಿಡಿಯುವ ಕೆಲಸ. ಆದರೆ ಇಂಜಿನಿಯರ್ ಲೈಸನ್ಸ್ ಇಲ್ಲದೆ ಇದನ್ನು ಮಾಡಬಹುದೇ? ನಕ್ಷೆ ಬರೆಯಬಹುದು, ಮಂಜೂರಾತಿಗೆ ಸಹಿ ಹಾಕುವಂತಿಲ್ಲ. ಉಳಿದದ್ದೆಲ್ಲ ಇದರ ವಿವರಣೆ.

ಕಾನೂನು ಏನು ಹೇಳುತ್ತದೆ?

ವೈದ್ಯರಿಗೆ, ವಕೀಲರಿಗೆ ಇರುವಂತೆ ಇಂಜಿನಿಯರ್‌ಗಳಿಗೆ ಇಡೀ ದೇಶಕ್ಕೆ ಒಂದೇ ನೋಂದಣಿ ಕಾಯ್ದೆ ಇಲ್ಲ. ಕಟ್ಟಡ ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಯೇ ಲೈಸನ್ಸನ್ನೂ ಕೊಡುತ್ತದೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಆಧಾರ 2020ರ ಡಿಸೆಂಬರ್‌ನಲ್ಲಿ ಬಂದ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ, ಅಂದರೆ ಯುಡಿಸಿಪಿಆರ್. ಇಂಜಿನಿಯರ್, ಸ್ಟ್ರಕ್ಚರಲ್ ಇಂಜಿನಿಯರ್, ಸೂಪರ್‌ವೈಸರ್ ಇವರ ಅರ್ಹತೆ ಏನು, ಯಾರು ಎಷ್ಟು ದೊಡ್ಡ ಕಟ್ಟಡಕ್ಕೆ ಸಹಿ ಹಾಕಬಹುದು ಎಂಬುದು ಅದರ ಅನುಬಂಧ 'ಸಿ'ಯಲ್ಲಿದೆ.

ಆರ್ಕಿಟೆಕ್ಟ್ ವಿಷಯ ಬೇರೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇಲ್ಲದವರು ಆ ಹೆಸರು ಬಳಸಿಕೊಳ್ಳುವಂತಿಲ್ಲ. ಕಾಯ್ದೆ ತಡೆಯುವುದು ಹೆಸರನ್ನು, ವಿನ್ಯಾಸದ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಬೋರ್ಡಿನ ಮೇಲೆ 'ಡ್ರಾಫ್ಟಿಂಗ್ ಮತ್ತು ಡಿಸೈನ್ ವರ್ಕ್ಸ್' ಎಂದು ಬರೆಸಿ. ಲೈಸನ್ಸ್ ಕೈಗೆ ಬರುವವರೆಗೆ 'ಲೈಸನ್ಸ್ಡ್' ಎಂಬ ಪದ ವಿಸಿಟಿಂಗ್ ಕಾರ್ಡಿನಲ್ಲಿಯೂ ಬೇಡ.

ಯಾವ ಕೆಲಸಕ್ಕೆ ಅಡ್ಡಿಯಿಲ್ಲ?

ಜಾಗದ ಅಳತೆ, ಇರುವ ಮನೆಯ ನಕ್ಷೆ, ಹೊಸ ಮನೆಯ ಪ್ಲಾನ್, ಎಲಿವೇಶನ್, 3ಡಿ ಚಿತ್ರ, ಸಾಮಗ್ರಿಯ ಲೆಕ್ಕ, ಇಂಜಿನಿಯರ್ ಕೊಟ್ಟ ವಿನ್ಯಾಸದ ಮೇಲೆ ಕಬ್ಬಿಣ ಕತ್ತರಿಸುವ ಪಟ್ಟಿ, ಇವುಗಳಿಗೆ ಲೈಸನ್ಸ್ ಬೇಕಿಲ್ಲ. ಇನ್ನೊಂದು ಒಳ್ಳೆಯ ಕೆಲಸವಿದೆ. ನಗರ ಪರಿಷತ್ತಿನ ಮಂಜೂರಾತಿ ಈಗ ಆನ್‌ಲೈನ್ ಆಗಿದ್ದು, ಕ್ಯಾಡ್ ಫೈಲಿನಲ್ಲಿ ಗೋಡೆ, ಕಿಟಕಿ, ಖುಲ್ಲಾ ಜಾಗ ಎಲ್ಲವೂ ನಿಗದಿತ ಲೇಯರ್‌ನಲ್ಲಿರಬೇಕು. ತಪ್ಪಿದರೆ ಫೈಲ್ ವಾಪಸ್. ಇದನ್ನು ಅಚ್ಚುಕಟ್ಟಾಗಿ ಮಾಡಬಲ್ಲವರಿಗೆ ಲೈಸನ್ಸ್ ಇರುವ ಇಂಜಿನಿಯರ್‌ಗಳೇ ಗಿರಾಕಿಗಳು.

ಹಳ್ಳಿಯ ಹಿರಿಯರು ಇಂದಿಗೂ ಮನೆಯನ್ನು ಅಂಕಣದ ಲೆಕ್ಕದಲ್ಲಿ, ಮರಾಠಿಯಲ್ಲಾದರೆ 'ಖಣ'ದ ಲೆಕ್ಕದಲ್ಲಿ ಹೇಳುತ್ತಾರೆ. ಅದನ್ನು ಅಡಿ, ಮೀಟರಿಗೆ ತರುವ ಮೊದಲು ಟೇಪು ಹಿಡಿದು ನೀವೇ ಅಳೆಯಿರಿ. ಒಂದು ಅಂಕಣ ಎಲ್ಲ ಮನೆಯಲ್ಲೂ ಒಂದೇ ಅಳತೆ ಇರುವುದಿಲ್ಲ.

ಕಿಲ್ಲಾರಿಯನ್ನು ಮರೆಯಬೇಡಿ

ಕಾಲಂ ಎಷ್ಟು ದಪ್ಪ, ಬೀಮಿಗೆ ಎಷ್ಟು ಕಬ್ಬಿಣ ಎಂದು ಯಜಮಾನ ಕೇಳಿಯೇ ಕೇಳುತ್ತಾನೆ. ಪಕ್ಕದ ಮನೆಯ ನಕ್ಷೆ ನೋಡಿ ಅಂದಾಜಿನಲ್ಲಿ ಹೇಳಿಬಿಡುವ ಆಸೆಯೂ ಆಗುತ್ತದೆ. ಇಲ್ಲಿಯೇ ನಿಲ್ಲಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ಭೂಕಂಪದ ಪ್ರಮಾಣ 6.2. ಹೆಚ್ಚಿನವರನ್ನು ಕೊಂದದ್ದು ಅವರದೇ ಮನೆ. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಾಳಿಗೆಯ ಭಾರವಾದ ಮಣ್ಣು. ಗೋಡೆಯ ಒಳಪದರ ಹೊರಪದರಗಳನ್ನು ಹಿಡಿದಿಡುವ ಉದ್ದ ಕಲ್ಲುಗಳಿರಲಿಲ್ಲ. ಗೋಡೆ ಬಿರಿದು, ಮಾಳಿಗೆ ಮಲಗಿದವರ ಮೇಲೆ ಕುಸಿಯಿತು.

ಆಗ ಈ ಪ್ರದೇಶ ಭೂಕಂಪ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಲಾತೂರ್ ಭಾಗವನ್ನು 3ನೇ ವಲಯಕ್ಕೆ ಸೇರಿಸಲಾಯಿತು. ಈಗ ಕಲ್ಲುಗೋಡೆಯ ಬದಲು ಕಾಲಂ-ಬೀಮಿನ ಮನೆಗಳು ಬಂದಿವೆ. ಆದರೆ ಕಾಲಮ್ಮಿನ ರಿಂಗ್ ದೂರ ದೂರ ಇಟ್ಟು, ಅದರ ಕೊಕ್ಕೆಯನ್ನು ಒಳಕ್ಕೆ ಬಾಗಿಸದೆ ಬಿಟ್ಟರೆ ಆರ್‌ಸಿಸಿ ಎಂಬ ಹೆಸರು ಯಾರನ್ನೂ ಕಾಯುವುದಿಲ್ಲ. ಕಾಲಂ, ಬೀಮ್, ಪಾಯದ ಲೆಕ್ಕ ಅರ್ಹ ಇಂಜಿನಿಯರ್‌ನಿಂದ ಬರಹದಲ್ಲಿ ಬರಲಿ. ನಿಮ್ಮ ಪ್ಲಾನಿನ ಮೇಲೆ 'ಕಟ್ಟಡ ಕೆಲಸಕ್ಕಲ್ಲ, ಕೇವಲ ನೋಟಕ್ಕೆ' ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಿರಿ. ಗೌಂಡಿ ಓದುವುದು ಅದನ್ನೇ.

ಸಹಿಯ ವ್ಯವಹಾರ

ನಕ್ಷೆ ನೋಡದೆ ದುಡ್ಡು ಪಡೆದು ಸಿಕ್ಕಾ ಒತ್ತಿಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಅಂಥವರನ್ನು ನಂಬಿ ಧಂದೆ ಶುರು ಮಾಡಬೇಡಿ. ಕಟ್ಟಡದಲ್ಲಿ ಬಿರುಕು ಬಿಟ್ಟ ದಿನ ಅವರು ಫೋನ್ ಎತ್ತುವುದಿಲ್ಲ, ಯಜಮಾನ ನಿಮ್ಮ ಮನೆಯ ಬಾಗಿಲಿಗೇ ಬರುತ್ತಾನೆ. ಲೈಸನ್ಸ್ ಇರುವ ಒಬ್ಬ ಇಂಜಿನಿಯರ್ ಜೊತೆ ಕಾಗದದ ಮೇಲೆ ಒಪ್ಪಂದ ಮಾಡಿಕೊಳ್ಳಿ. ಯಾರು ಅಳೆಯುವುದು, ಯಾರು ಪಾಯ ನೋಡಲು ಹೋಗುವುದು, ಹಣ ಹೇಗೆ ಹಂಚುವುದು ಅದರಲ್ಲಿರಲಿ. ನಕ್ಷೆಯ ಮೂಲೆಯಲ್ಲಿ 'ಬರೆದವರು' ಎಂದು ನಿಮ್ಮ ಹೆಸರು, 'ಪರಿಶೀಲಿಸಿದವರು' ಎಂದು ಅವರ ಹೆಸರು ಬರಲಿ. ಆ ಇಂಜಿನಿಯರ್‌ನಿಂದ ಪ್ರತಿ ವರ್ಷ ಅನುಭವ ಪತ್ರ ಪಡೆದಿಡಿ. ಮುಂದೆ ಲೈಸನ್ಸ್ ಅರ್ಜಿಗೆ ಬೇಕಾಗುವುದು ಅದೇ.

ಗಡಿಯಾಚೆಯ ಬಸವಕಲ್ಯಾಣ, ಭಾಲ್ಕಿ, ಔರಾದ್, ಆಳಂದದಿಂದಲೂ ಕೆಲಸ ಬರುತ್ತದೆ. ಅಲ್ಲಿ ನಿಯಮ ಕರ್ನಾಟಕದ್ದು. ಸಾತ್‌ಬಾರಾ ಜಾಗದಲ್ಲಿ ಪಹಣಿ, ನಮೂನೆ 8ರ ಜಾಗದಲ್ಲಿ ಇ-ಸ್ವತ್ತು. ಸಹಿಯೂ ಅಲ್ಲಿಯ ಲೈಸನ್ಸ್‌ದಾರರದೇ ಬೇಕು.

ಅಂಗಡಿ ಮತ್ತು ಮುಂದಿನ ದಾರಿ

ಉದ್ಯಮ್ ನೋಂದಣಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂ. ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಕಳ್ಳ ಪ್ರತಿಯ ಆಟೊಕ್ಯಾಡ್ ಬದಲು ಕಲಿಕೆಗೆ ಲಿಬ್ರೆಕ್ಯಾಡ್‌ನಂತಹ ಉಚಿತ ತಂತ್ರಾಂಶ ಸಾಕು. ಮುಂಗಡ ತೆಗೆದುಕೊಳ್ಳದೆ ಮೊದಲ ಗೆರೆ ಎಳೆಯಬೇಡಿ. ನೆಂಟರಾದರಂತೂ ಇದು ಇನ್ನೂ ಮುಖ್ಯ.

ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಎರಡು ವರ್ಷದ ಕೋರ್ಸ್. ಅದನ್ನು ಮುಗಿಸಿ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ಕೈಕೆಳಗೆ 5 ವರ್ಷ ದುಡಿದವರು ಸೂಪರ್‌ವೈಸರ್ ಲೈಸನ್ಸ್‌ಗೆ ಅರ್ಜಿ ಹಾಕಬಹುದು. ಸಣ್ಣ ನಿವೇಶನದ ಸಣ್ಣ ಮನೆಗಳಿಗೆ ಅದು ನಡೆಯುತ್ತದೆ. ಐಟಿಐ ಆದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವೂ ಇದೆ. ಸಿವಿಲ್ ಡಿಪ್ಲೊಮಾ ಇದ್ದರೆ ಇಂಜಿನಿಯರ್ ಲೈಸನ್ಸ್‌ಗೇ ದಾರಿ. ಕೆಲಸ ಮಾಡುತ್ತ ಎಎಂಐಇ ಕಟ್ಟಿ ಎಂದು ಹಳಬರು ಹೇಳುವುದುಂಟು. ಆದರೆ ಅದನ್ನು ಪದವಿಗೆ ಸಮವೆಂದು ಕೇಂದ್ರ ಸರ್ಕಾರ ಒಪ್ಪಿದ್ದು 2013ರ ಮೇ 31ರೊಳಗೆ ಹೆಸರು ನೋಂದಾಯಿಸಿದವರಿಗೆ. ಹೊಸದಾಗಿ ಶುಲ್ಕ ಕಟ್ಟುವ ಮೊದಲು ಇದನ್ನು ವಿಚಾರಿಸಿ.