ದೇಹದಾರ್ಢ್ಯ ಅಭ್ಯಾಸ: ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಯುವಜನರಿಗೆ ಮಾಹಿತಿ

ಅಂಗಸಾಧನೆಯು ಹಳೆಯ ಮೈಸೂರು ಸೀಮೆಗೆ ಹೊಸದಲ್ಲ. ಗರಡಿಮನೆಯಲ್ಲಿ ದಂಡ, ಬಸ್ಕಿ ತೆಗೆದು, ಗದೆ ತಿರುಗಿಸಿ, ಮಟ್ಟಿ ಅಗೆದು ಮೈ ಹುರಿಗೊಳಿಸಿಕೊಳ್ಳುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಆದರೆ ಗರಡಿಯ ಗುರಿ ಕುಸ್ತಿ. ದೇಹದಾರ್ಢ್ಯದ ಗುರಿ ಸ್ನಾಯುವಿನ ಗಾತ್ರ ಹಾಗೂ ಅಂಗಗಳ ಹೊಂದಾಣಿಕೆ. ಆದುದರಿಂದ ಸಾಧನೆಯ ಕ್ರಮವೂ ಭಿನ್ನವಾಗಿರುತ್ತದೆ.

ಸ್ನಾಯುವು ತನಗೆ ರೂಢಿಯಾದುದಕ್ಕಿಂತ ಹೆಚ್ಚಿನ ಭಾರವನ್ನು ಎದುರಿಸಿದಾಗ ಮಾತ್ರ ಬೆಳೆಯುತ್ತದೆ. ಬಸ್ಕಿಯ ಸಂಖ್ಯೆಯನ್ನು ನೂರರಿಂದ ಇನ್ನೂರಕ್ಕೆ ಏರಿಸಿದರೆ ಮುಖ್ಯವಾಗಿ ದಮ್ಮು ಹೆಚ್ಚುತ್ತದೆ. ಭಾರವನ್ನು ಹಂತಹಂತವಾಗಿ ಏರಿಸಿದರೆ ಗಾತ್ರ ಹೆಚ್ಚುವುದು ಸುಲಭ. ಹೊಸಬರು ವಾರಕ್ಕೆ 2 ಅಥವಾ 3 ದಿನ ಇಡೀ ದೇಹಕ್ಕೆ ವ್ಯಾಯಾಮ ನೀಡಬೇಕು. ಒಂದೊಂದು ವ್ಯಾಯಾಮವನ್ನು 8ರಿಂದ 12 ಬಾರಿಯಂತೆ 2–3 ಸುತ್ತು ಮಾಡಿ, 12 ಬಾರಿ ಸಲೀಸಾದ ನಂತರ ಭಾರವನ್ನು ಸ್ವಲ್ಪವೇ ಏರಿಸುವುದು ಸೂಕ್ತ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲವು ಬಹುಪಾಲು ನರಗಳ ಹೊಂದಾಣಿಕೆಯಿಂದ ಬಂದದ್ದು. ಕನ್ನಡಿಯಲ್ಲಿ ಕಾಣುವ ಬದಲಾವಣೆಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕಾಗುತ್ತದೆ. ತಾಳ್ಮೆಗೆಡುವವರು ಹೆಚ್ಚಾಗಿ ಈ ಅವಧಿಯಲ್ಲಿಯೇ ಚುಚ್ಚುಮದ್ದಿನ ಮಾತಿಗೆ ಕಿವಿಗೊಡುತ್ತಾರೆ.

ಕಬ್ಬು ಕಡಿಯುವ, ಭತ್ತದ ಹೊರೆ ಹೊರುವ ಯುವಕರು ಆ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಡೀ ದಿನ ಗದ್ದೆಯಲ್ಲಿ ದುಡಿದ ಸಂಜೆ ಅದೇ ಬೆನ್ನಿನ ಮೇಲೆ ಮತ್ತೆ ಭಾರ ಹೇರುವುದು ಸಾಧನೆಯಲ್ಲ. ಸ್ನಾಯು ಬೆಳೆಯುವುದು ವಿಶ್ರಾಂತಿಯಲ್ಲಿ. ಒಂದೇ ಭಾಗಕ್ಕೆ ಮತ್ತೆ ಶ್ರಮ ನೀಡುವ ಮೊದಲು ಸುಮಾರು 48 ಗಂಟೆಗಳ ಬಿಡುವು, ರಾತ್ರಿ 7ರಿಂದ 9 ಗಂಟೆಗಳ ನಿದ್ರೆ ಅಗತ್ಯ.

ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.83 ಗ್ರಾಂ ಸಸಾರಜನಕ ಸಾಕು. ಭಾರ ಎತ್ತುವವರಿಗೆ ಸುಮಾರು 1.6 ಗ್ರಾಂವರೆಗೆ ಪ್ರಯೋಜನವುಂಟು. ಅದರಾಚೆಗೆ ಹೆಚ್ಚಿನ ಲಾಭವಿಲ್ಲ. 60 ಕಿಲೋಗ್ರಾಂ ತೂಕದ ಯುವಕನಿಗೆ ಇದು 96 ಗ್ರಾಂ ಆಗುತ್ತದೆ. 200 ಗ್ರಾಂ ರಾಗಿಹಿಟ್ಟಿನ ಮುದ್ದೆ, 200 ಗ್ರಾಂ ಅಕ್ಕಿಯ ಅನ್ನ, 75 ಗ್ರಾಂ ಹುರುಳಿಕಾಳು, ಅರ್ಧ ಲೀಟರ್ ಹಾಲು, 3 ಮೊಟ್ಟೆ ಮತ್ತು ಒಂದು ಹಿಡಿ ಕಡಲೆಕಾಯಿ ಬೀಜದಿಂದ 90 ಗ್ರಾಂನ ಸಮೀಪಕ್ಕೆ ತಲುಪಬಹುದು. ಹುರುಳಿಯ ಕಟ್ಟನ್ನು ಮಾತ್ರ ಸಾರಿಗೆ ಬಳಸಿ ಕಾಳನ್ನು ದನಕ್ಕೆ ಹಾಕಿದರೆ ಸಸಾರಜನಕದ ಬಹುಭಾಗ ದನದ ಪಾಲಾಗುತ್ತದೆ. ಮದ್ದೂರಿನ ಎಳನೀರು ಬೆವರಿದ ದೇಹಕ್ಕೆ ನೀರು ಹಾಗೂ ಪೊಟ್ಯಾಸಿಯಂ ಒದಗಿಸುತ್ತದೆ. ಅದರಲ್ಲಿ ಸಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ದೇಹ ಬೆಳೆಸಲು ಪ್ರೋಟೀನ್ ಪುಡಿಗಳನ್ನು ಬಳಸದಿರುವಂತೆ ಸಲಹೆ ನೀಡಿದೆ. ಆದರೂ ಕೊಳ್ಳುವವರು ಡಬ್ಬಿಯ ಮೇಲೆ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಬೇಕು.

ಅನಬಾಲಿಕ್ ಸ್ಟೀರಾಯ್ಡ್‌ಗಳ ವಿಷಯ ಬೇರೆಯೇ. ಟೆಸ್ಟೋಸ್ಟಿರಾನ್, ನ್ಯಾಂಡ್ರೊಲೋನ್ ಮುಂತಾದವು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಔಷಧಗಳು. ಇವು ಸ್ನಾಯುವನ್ನು ಬೆಳೆಸುವುದು ನಿಜ; ಹಾಗೆಂದೇ ಇವುಗಳ ಸೆಳೆತ. ಹೊರಗಿನಿಂದ ಹಾರ್ಮೋನು ಬಂದಾಗ ವೃಷಣಗಳು ತಮ್ಮ ಕೆಲಸ ನಿಲ್ಲಿಸಿ ಕುಗ್ಗುತ್ತವೆ, ವೀರ್ಯಾಣುಗಳು ಕ್ಷೀಣಿಸುತ್ತವೆ. ರಕ್ತದೊತ್ತಡ ಏರುತ್ತದೆ, ಹೃದಯದ ಗೋಡೆ ದಪ್ಪಗಾಗುತ್ತದೆ. ಗುಳಿಗೆಯ ರೂಪದವು ಯಕೃತ್ತಿಗೂ ಹಾನಿಕರ. ಇನ್ನೂ ಬೆಳೆಯುತ್ತಿರುವ ಹುಡುಗರಲ್ಲಿ ಎತ್ತರವೇ ಕುಂಠಿತವಾಗಬಹುದು. ಸ್ಪರ್ಧೆಗೆ ಮುನ್ನ ನರಗಳು ಎದ್ದು ಕಾಣಲೆಂದು ನೀರು ಬಿಡುವುದು, ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವುದು ಹೃದಯದ ಬಡಿತವನ್ನೇ ಕೆಡಿಸಬಲ್ಲದು.

ವ್ಯಾಯಾಮದ ನಂತರ ತೀವ್ರ ನೋವು, ಊತದೊಡನೆ ಮೂತ್ರ ಕಂದುಬಣ್ಣಕ್ಕೆ ತಿರುಗಿದಲ್ಲಿ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಅಪಾಯ ಒದಗಿರಬಹುದು. ಮೊದಲ ದಿನವೇ ಪಂತಕ್ಕೆ ಬಿದ್ದು ನೂರಾರು ಬಸ್ಕಿ ತೆಗೆದವರಲ್ಲಿಯೂ ಹೀಗಾಗುವುದುಂಟು. ಅಂಥವರು ತಡಮಾಡದೆ ಸಮೀಪದ ತಾಲ್ಲೂಕು ಆಸ್ಪತ್ರೆಗೆ ಅಥವಾ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ತೆರಳಿ, ಪುಡಿ ಅಥವಾ ಚುಚ್ಚುಮದ್ದು ಬಳಸಿದ್ದರೆ ಅದರ ಹೆಸರನ್ನು ಮರೆಮಾಚದೆ ವೈದ್ಯರಿಗೆ ತಿಳಿಸತಕ್ಕದ್ದು.