ಗೋಡೆಯಿಲ್ಲದ ಜೀವಿ

ಹೋದ ಚಳಿಗಾಲದಲ್ಲಿ ನಮ್ಮ ಹದಿನಾಲ್ಕು ವರ್ಷದ ಮಗಳಿಗೆ ಒಣಕೆಮ್ಮು ಶುರುವಾಯ್ತು. ಸ್ಕೂಲಿಗೆ ಹೋಗ್ತಾಳೆ, ಬರ್ತಾಳೆ, ಸಂಜೆ ಸೋಫಾ ಮೇಲೆ ಬಿದ್ದುಕೊಳ್ತಾಳೆ. ಐದು ದಿನ ಅಮಾಕ್ಸಿಸಿಲಿನ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಎಕ್ಸ್-ರೇ ತೆಗೆಸಿದರೆ ನ್ಯುಮೋನಿಯಾ! ಫೋನಿನಲ್ಲಿ ಅಮ್ಮ ಕೇಳಿದರು: "ನ್ಯುಮೋನಿಯಾ ಅಂದ್ರೆ ಹಾಸಿಗೆ ಹಿಡೀಬೇಕಲ್ವೇನೋ, ಇವಳು ಓಡಾಡ್ತಾ ಇದ್ದಾಳಲ್ಲ?"

ಇಂಥದ್ದೇ ಒಗಟು 1938ರಲ್ಲಿ ಫಿಲಡೆಲ್ಫಿಯಾದ ಡಾಕ್ಟರ್ ಹೋಬರ್ಟ್ ರೈಮನ್ ಅವರಿಗೂ ಎದುರಾಗಿತ್ತು. ದಿಢೀರ್ ಚಳಿಜ್ವರ, ತುಕ್ಕಿನ ಬಣ್ಣದ ಕಫ: ಆಗಿನ ಡಾಕ್ಟರುಗಳಿಗೆ ಗೊತ್ತಿದ್ದ ನ್ಯುಮೋನಿಯಾ ಅದು. ಅವರು ವರದಿ ಮಾಡಿದ ರೋಗಿಗಳು ಆ ಲೆಕ್ಕಕ್ಕೆ ಸಿಗಲಿಲ್ಲ. ಅದಕ್ಕೇ 'ಅಟಿಪಿಕಲ್', ಅಂದರೆ ಮಾಮೂಲಿಯಲ್ಲದ್ದು, ಎಂದು ಕರೆದರು. ಕಾರಣ ತಿಳಿಯದೆ ಇಟ್ಟ ಹೆಸರು. ನನಗಂತೂ ಅದರ ಪ್ರಾಮಾಣಿಕತೆ ಇಷ್ಟ.

ಕಾರಣ ತಿಳಿಯುವ ಮೊದಲೇ ಒಂದು ಗುರುತು ಸಿಕ್ಕಿತು. ಇಂಥ ಅನೇಕ ರೋಗಿಗಳ ರಕ್ತವನ್ನು ತಣ್ಣಗೆ ಮಾಡಿದರೆ ಕೆಂಪು ಕಣಗಳು ಗಂಟುಗಂಟಾಗಿ ಅಂಟಿಕೊಳ್ತವೆ, ಬೆಚ್ಚಗಾದರೆ ಬಿಡಿಸಿಕೊಳ್ತವೆ. 1943ರಲ್ಲಿ ಇದು ಬೆಳಕಿಗೆ ಬಂತು. ಆಮೇಲೆ ಎಷ್ಟೋ ವರ್ಷ ಡಾಕ್ಟರುಗಳು ರೋಗಿಯ ಪಕ್ಕದಲ್ಲೇ ರಕ್ತದ ಟ್ಯೂಬನ್ನು ಐಸಿನಲ್ಲಿಟ್ಟು ನೋಡುತ್ತಿದ್ದರು. ಎಲ್ಲರಲ್ಲೂ ಕಾಣೋದಿಲ್ಲ, ಬೇರೆ ಕಾಯಿಲೆಗಳಲ್ಲೂ ಕಾಣಬಹುದು. ಆದರೂ ಏನೂ ಇಲ್ಲದ ಕಾಲಕ್ಕೆ ಅದೇ ದೊಡ್ಡದು.

1944ರಲ್ಲಿ ಮನ್ರೋ ಈಟನ್ ರೋಗಿಗಳ ಕಫದಿಂದ ಸೂಕ್ಷ್ಮ ಫಿಲ್ಟರಿನಲ್ಲೂ ನುಸುಳುವ ಏನನ್ನೋ ಹಿಡಿದರು. ಅಷ್ಟು ಚಿಕ್ಕದು ಅಂದಮೇಲೆ ವೈರಸ್ಸೇ ಇರಬೇಕು ಅಂತ ಬಹಳ ಕಾಲ ಎಲ್ಲರ ಎಣಿಕೆ. 1962ರಲ್ಲಿ ಚಾನಕ್, ಹೇಫ್ಲಿಕ್, ಬರೀಲ್ ಮೂವರೂ ಅದನ್ನು ಜೀವಕೋಶಗಳೇ ಇಲ್ಲದ ಅಗರ್ ಮೇಲೆ ಬೆಳೆಸಿಬಿಟ್ಟರು. ವೈರಸ್ ಹಾಗೆ ಬೆಳೆಯಲಾರದು. ಅದು ಮೈಕೋಪ್ಲಾಸ್ಮಾ ನ್ಯುಮೋನಿಯೆ, ಕೋಶದ ಗೋಡೆಯೇ ಇಲ್ಲದ ಬ್ಯಾಕ್ಟೀರಿಯಾ.

ನಮ್ಮ ಅಮಾಕ್ಸಿಸಿಲಿನ್ ಸೋತದ್ದು ಇಲ್ಲೇ. ಪೆನಿಸಿಲಿನ್ ಕುಟುಂಬದ ಔಷಧಿಗಳು ಬ್ಯಾಕ್ಟೀರಿಯಾ ಗೋಡೆ ಕಟ್ಟೋದನ್ನು ತಡೆಯುತ್ತವೆ. ಗೋಡೆಯೇ ಇಲ್ಲದವನ ಮನೆಗೆ ಕನ್ನ ಹಾಕೋದೆಲ್ಲಿ? ಅಜಿಥ್ರೊಮೈಸಿನ್, ಡಾಕ್ಸಿಸೈಕ್ಲಿನ್ ಹಾಗಲ್ಲ, ಅವು ಒಳಗಿನ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತವೆ. (ಏಷ್ಯಾದ ಕೆಲವು ಕಡೆ ಅಜಿಥ್ರೊಮೈಸಿನ್‌ಗೂ ಇದು ಈಗ ಜಗ್ಗೋದಿಲ್ಲ.)

ಈಗ ಐಸ್ ಬೇಡ. ಮಗಳ ಗಂಟಲಿನ ಸ್ವಾಬ್ ಪಿಸಿಆರ್‌ಗೆ ಹೋಯ್ತು, ಮೈಕೋಪ್ಲಾಸ್ಮಾ ಅಂತ ಬಂತು, ಮಾತ್ರೆ ಬದಲಾಯ್ತು. ಎರಡು ದಿನಕ್ಕೆ ಜ್ವರ ಬಿಟ್ಟಿತು. ಕೆಮ್ಮು ಮಾತ್ರ ಇನ್ನೂ ಎಷ್ಟೋ ದಿನ ಇತ್ತು. ಈ ರೋಗಾಣು ಮೈಯೊಳಗೆ ಹೊಕ್ಕು ಲಕ್ಷಣ ತೋರಿಸೋಕೆ ಒಂದರಿಂದ ನಾಲ್ಕು ವಾರ ಬೇಕಂತೆ. ಸರಿಯಾಗಿ ಮೂರನೇ ವಾರ ಅವಳ ತಮ್ಮ ಕೆಮ್ಮಿದ.