ಬಸಿರಿನ ಮೊದಲ ಮಾಸಗಳೂ ಲಸಿಕೆಯ ಲೆಕ್ಕವೂ

ಶಹಾಪುರ ತಾಲೂಕಿನ ಗೋಗಿಯನ್ನು ಇತಿಹಾಸಾಸಕ್ತರಾದ ವಾಚಕರು ಬಲ್ಲರು. 1510ರಲ್ಲಿ ತೀರಿಕೊಂಡ ಯೂಸುಫ್ ಆದಿಲ್ ಖಾನನನ್ನು ಅಲ್ಲಿಯ ಚಂದಾ ಹುಸೇನಿಯವರ ದರ್ಗಾದ ಬಳಿ ಮಣ್ಣುಮಾಡಿದರು. ಅರಸು ಸತ್ತ ವರ್ಷ ನಮಗೆ ಗೊತ್ತು. ಆದರೆ ಅದೇ ಊರಿನಲ್ಲಿ ಎಷ್ಟು ಮಂದಿ ತಾಯಂದಿರ ಬಸಿರು ನಿಲ್ಲದೆ ಹೋಯಿತು, ಏಕೆ ಹೋಯಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಬರೆದಿಟ್ಟರೆ ಏನು ಪ್ರಯೋಜನವೆಂದು ನೀವು ಕೇಳಬಹುದು. ಈ ಸಣ್ಣ ಚರಿತ್ರೆಯೇ ಅದಕ್ಕೆ ಉತ್ತರ.

"ಅಕ್ಕಾರ, ನನಗ ಇನ್ನಾ ಎರಡ ತಿಂಗಳ. ಈ ಸೂಜಿ ಮಾಡಿಸ್ಕೊಂಡ್ರ ಕೂಸಿಗೆ ಏನೂ ಆಗಂಗಿಲ್ಲೇನ್ರಿ?" ಎಂದು ಆ ಸೀಮೆಯ ಹೆಣ್ಣುಮಗಳು ದಾದಿಯನ್ನು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಶಿಶುವಿನ ಕಣ್ಣು, ಕಿವಿ, ಹೃದಯಗಳು ರೂಪುಗೊಳ್ಳುವುದು ಆ ಮಾಸಗಳಲ್ಲಿಯೇ. 1941ರಲ್ಲಿ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್, ಹುಟ್ಟುತ್ತಲೇ ಕಣ್ಣಿನ ಪೊರೆಯಿದ್ದ 78 ಕೂಸುಗಳ ಲೆಕ್ಕವನ್ನು ಪ್ರಕಟಿಸಿದರು. ಬಹುತೇಕ ತಾಯಂದಿರಿಗೆ ಬಸಿರಿನ ಆರಂಭದಲ್ಲಿ ದಡಾರವನ್ನು ಹೋಲುವ ರುಬೆಲ್ಲಾ ಬಂದಿತ್ತು.

1969ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಲಸಿಕೆ ಬಳಕೆಗೆ ಬಂದಿತು. ಅದರಲ್ಲಿರುವುದು ಬಲಗುಂದಿಸಿದ ಸಜೀವ ರೋಗಾಣು. ಆದಕಾರಣ ಗರ್ಭಿಣಿಯರಿಗೆ ಅದು ನಿಷಿದ್ಧವಾಯಿತು. ಆದರೂ ಬಸಿರೆಂದು ತಿಳಿಯದೆ ಹಾಕಿಸಿಕೊಂಡವರಿದ್ದರು. ಅಂಥವರ ಹೆಸರುಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರವು 1971ರಿಂದ 1989ರವರೆಗೆ ದಾಖಲಿಸಿತು. ರೋಗನಿರೋಧ ಶಕ್ತಿಯಿಲ್ಲದಿದ್ದ 321 ತಾಯಂದಿರಿಗೆ ಹುಟ್ಟಿದ 324 ಕೂಸುಗಳಲ್ಲಿ ಒಂದಕ್ಕೂ ರುಬೆಲ್ಲಾದ ಅಂಗವೈಕಲ್ಯ ಕಾಣಲಿಲ್ಲ. ನಿಷೇಧವನ್ನು ತೆಗೆಯಲಿಲ್ಲ, ನಿಜ. ಆದರೆ ಅರಿಯದೆ ಹಾಕಿಸಿಕೊಂಡವಳು ಗರ್ಭ ತೆಗೆಸಬೇಕಾದ ಕಾರಣವಿಲ್ಲವೆಂದು ಹೇಳಲು ವೈದ್ಯರಿಗೆ ಆಧಾರ ದೊರೆಯಿತು.

ಲೆಕ್ಕವಿಲ್ಲದಿದ್ದರೆ ಏನಾಗುತ್ತದೆಂಬುದನ್ನು 2021ರಲ್ಲಿ ನಾವೇ ಕಂಡೆವು. ಕೋವಿಡ್ ಲಸಿಕೆಯ ಮೊದಲ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿರಲಿಲ್ಲ. ಜನವರಿಯಲ್ಲಿ ಲಸಿಕೆ ಆರಂಭವಾದರೂ ನಮ್ಮ ಗರ್ಭಿಣಿಯರಿಗೆ ಅನುಮತಿ ದೊರೆತದ್ದು ಜುಲೈ 2ರಂದು. ಅಷ್ಟರಲ್ಲಿ ಎರಡನೆಯ ಅಲೆ ಬಡಿದುಹೋಗಿತ್ತು.

ಲಸಿಕೆಯ ತರುವಾಯ ಗರ್ಭ ಇಳಿದರೆ ಜನ ಲಸಿಕೆಯನ್ನೇ ದೂರುವುದು ಸಹಜ. ಆದರೆ ಬಸಿರೆಂದು ತಿಳಿದ 100 ಮಂದಿಯಲ್ಲಿ ಸುಮಾರು 10ರಿಂದ 20 ಮಂದಿಗೆ ಲಸಿಕೆಯಿಲ್ಲದೆಯೂ ಹೀಗಾಗುತ್ತದೆ. ಕಾಕತಾಳೀಯ ನ್ಯಾಯವೆಂದು ಹಿರಿಯರು ಹೇಳಿದ್ದು ಇದನ್ನೇ: ಕಾಗೆ ಕುಳಿತಿತು, ಹಣ್ಣು ಬಿದ್ದಿತು. ಕಾಗೆಯೇ ಕಾರಣವೋ ಅಲ್ಲವೋ ಎಂದು ತಿಳಿಯಲು ಹೋಲಿಕೆ ಬೇಕು. ನಾರ್ವೆಯವರು ಅದೇ ವರ್ಷ ಮೊದಲ ಮೂರು ತಿಂಗಳ ದಾಖಲೆಗಳನ್ನು ಹೋಲಿಸಿದರು. ಬಸಿರು ಮುಂದುವರಿದ 13,956 ಮಂದಿಯಲ್ಲಿ ಲಸಿಕೆ ಪಡೆದವರು ನೂರಕ್ಕೆ 5.5, ಗರ್ಭಸ್ರಾವವಾದ 4,521 ಮಂದಿಯಲ್ಲಿ ನೂರಕ್ಕೆ 5.1. ಲಸಿಕೆಯೇ ಕಾರಣವಾಗಿದ್ದರೆ ಎರಡನೆಯ ಸಂಖ್ಯೆ ದೊಡ್ಡದಾಗಿರಬೇಕಿತ್ತಲ್ಲವೆ?

ಒಂದು ಲಸಿಕೆಯ ಲೆಕ್ಕ ಇನ್ನೊಂದಕ್ಕೆ ಸಲ್ಲದು. ಧನುರ್ವಾಯುವಿನ ಚುಚ್ಚುಮದ್ದಿನಲ್ಲಿ ಜೀವಾಣುವಿಲ್ಲ. ಅದನ್ನು ಬಸುರಿಯರಿಗೆಂದೇ ಕೊಡುತ್ತಾರೆ. ರುಬೆಲ್ಲಾ ಲಸಿಕೆಯನ್ನಾದರೋ ಬಾಲ್ಯದಲ್ಲಿಯೇ ಹಾಕಿಸಬೇಕು. ಅದಕ್ಕಾಗಿಯೇ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ದಡಾರ-ರುಬೆಲ್ಲಾ ಆಂದೋಲನ ಆರಂಭವಾದದ್ದು.

ಆದ್ದರಿಂದ ತಾಯಂದಿರೆ, ಸೂಜಿಗೆ ಮುನ್ನ ಮುಟ್ಟು ನಿಂತ ತಿಂಗಳನ್ನು ಸಂಕೋಚವಿಲ್ಲದೆ ಹೇಳಿರಿ; ತಾಯಿ ಕಾರ್ಡಿನಲ್ಲಿ ಲಸಿಕೆಯ ಹೆಸರು, ದಿನಾಂಕಗಳನ್ನು ಬರೆಯಿಸಿಕೊಳ್ಳಿರಿ. ಏನಾದರೂ ತೊಂದರೆಯಾದರೆ ಅದನ್ನೂ ತಿಳಿಸಿರಿ. ನಾಳೆ ಇದೇ ಪ್ರಶ್ನೆ ಕೇಳುವ ನಿಮ್ಮ ಮಗಳಿಗೆ ಆ ಬರಹದಿಂದಲೇ ಉತ್ತರ ಸಿಗಬೇಕು.